ಬೆರೆತ ಪದರ ಬಿಡಿಸಬಹುದೇ?

ತೋಟ ಬರೆದ ಗಾಜಿನ ಮೇಲೆ ಚಿಟ್ಟೆ ಬರೆದ ಇನ್ನೊಂದು ಗಾಜನ್ನಿಟ್ಟರೆ ಚಿಟ್ಟೆ ತೋಟದಲ್ಲೇ ಹಾರುವಂತೆ ಕಾಣುತ್ತದೆ, ಅಲ್ಲವೇ? ಜಿಂಪ್, ಫೋಟೋಶಾಪ್ ತಂತ್ರಾಂಶಗಳಲ್ಲಿ ಇಂತಹ 'ಗಾಜು'ಗಳಿಗೆ ಲೇಯರ್, ಅಂದರೆ ಪದರ ಎನ್ನುತ್ತಾರೆ. ಫೋಟೋಶಾಪ್‌ಗೆ ಈ ಸೌಲಭ್ಯ ಬಂದದ್ದು 1994ರಲ್ಲಿ.

ಪದರಗಳನ್ನು ಒಂದಾಗಿಸಿದರೆ ಏನಾಗುತ್ತದೆ? ಕಂಪ್ಯೂಟರಿಗೆ ಬಣ್ಣವೆಂದರೆ ಸಂಖ್ಯೆ. ಸಾಮಾನ್ಯವಾಗಿ 0ಯಿಂದ 255ರವರೆಗೆ. ಒಂದು ಚುಕ್ಕೆಯಲ್ಲಿ ತೋಟದ ಕೆಂಪು 100, ಅರ್ಧ ಪಾರದರ್ಶಕವಾದ ಚಿಟ್ಟೆಯ ಕೆಂಪು 200 ಎನ್ನಿ. ಬೆರೆತ ಮೇಲೆ ಉಳಿಯುವುದು ಸರಾಸರಿ 150 ಮಾತ್ರ. ಈಗ ನೀವೇ ಹೇಳಿ, ಈ 150 ಬಂದದ್ದು 100 ಮತ್ತು 200ರಿಂದಲೋ, 120 ಮತ್ತು 180ರಿಂದಲೋ? ಕಂಪ್ಯೂಟರಿಗೂ ತಿಳಿಯದು! ತಕ್ಷಣವಾದರೆ 'ಅನ್‌ಡು' ಒತ್ತಿ ಹಿಂದಿರುಗಬಹುದು. ಉಳಿಸಿ ಕಡತ ಮುಚ್ಚಿದಿರೋ, ಅದೂ ಇಲ್ಲ. ಆದ್ದರಿಂದ ಒಂದಾಗಿಸುವ ಮೊದಲೇ ಪದರಗಳಿರುವ ಕಡತದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಡಿ.