ಮುತ್ತಿನ ಸರವನ್ನು ಮನೆಯಲ್ಲೇ ಪೋಣಿಸುವ ಬಗೆ

ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಯೊಂದರಲ್ಲಿ ನನ್ನ ಕಂಕುಳಲ್ಲಿದ್ದ ಮಗು ಕೊರಳಿನ ಮುತ್ತಿನ ಸರವನ್ನು ಹಿಡಿದೆಳೆಯಿತು. ದಾರ ಹರಿದು ಮುತ್ತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅದು ನನ್ನ ಮದುವೆಯಲ್ಲಿ ತಾಯಿಯವರು ಕೊಟ್ಟ ಸರ. ಬಂದವರೆಲ್ಲ ಬಗ್ಗಿ ಹುಡುಕಿದರು. 72 ಮುತ್ತುಗಳಲ್ಲಿ 65 ಸಿಕ್ಕವು, 7 ಹೋದವು. ಮನೆಗೆ ಬಂದು ನೋಡಿದರೆ ಹರಿದ ದಾರದಲ್ಲಿ ನಡುವೆ ಒಂದು ಗಂಟೂ ಇರಲಿಲ್ಲ. ಮುತ್ತು ಮುತ್ತಿನ ನಡುವೆ ಗಂಟಿದ್ದಿದ್ದರೆ ಹೆಚ್ಚೆಂದರೆ ಒಂದೋ ಎರಡೋ ಮುತ್ತು ಉದುರುತ್ತಿತ್ತು. ಆ ಗಂಟನ್ನು ಕಲಿತು ಸರವನ್ನು ನಾನೇ ಪೋಣಿಸಿದೆ. ಹೊಸದಾಗಿ ಕೈ ಹಾಕುವವರಿಗೆ ಉಪಯೋಗವಾದೀತೆಂದು ಅದರ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೈದರಾಬಾದಿನಲ್ಲಿ ವಾಸಿಸುವ ನಮಗೆ ಮುತ್ತು ಹೊಸ ವಸ್ತುವೇನಲ್ಲ. ಸಮುದ್ರವಿಲ್ಲದ ಈ ಊರಿಗೆ ನಿಜಾಮರ ಕಾಲದಲ್ಲಿ ಪರ್ಷಿಯನ್ ಕೊಲ್ಲಿಯಿಂದ ಮುತ್ತು ಬರುತ್ತಿತ್ತು. ಬಸ್ರಾ ಮುತ್ತೆಂದು ಅದಕ್ಕೆ ಹೆಸರು. ಅರಮನೆಯ ಆಶ್ರಯದಿಂದ ತೂತು ಕೊರೆಯುವವರೂ ಪೋಣಿಸುವವರೂ ಇಲ್ಲಿ ನೆಲೆನಿಂತರು. ಜಪಾನಿನ ಮಿಕಿಮೊಟೊ ಕೋಕಿಚಿ ಎಂಬವರು 1893ರಲ್ಲಿ ಚಿಪ್ಪಿನೊಳಗೆ ಅರ್ಧಗೋಲದ ಮುತ್ತನ್ನು ಬೆಳೆಸಿ ತೋರಿಸಿದರು. ಮುಂದೆ ಗುಂಡು ಮುತ್ತನ್ನೂ ಬೆಳೆಸಲು ಸಾಧ್ಯವಾಯಿತು. 1930ರ ದಶಕದಲ್ಲಿ ಕೊಲ್ಲಿಯ ವ್ಯಾಪಾರ ಕುಸಿಯಿತು. ಇಂದು ಚಾರ್‌ಮಿನಾರ್ ಸುತ್ತಲಿನ ಅಂಗಡಿಗಳಲ್ಲಿ ಸಿಗುವುದರಲ್ಲಿ ಬಹುಪಾಲು ಹೀಗೆ ಸಾಕಿದ ಮುತ್ತು. ಚೀನಾದಲ್ಲಿ ಸಿಹಿನೀರಿನ ಚಿಪ್ಪಿನಲ್ಲಿ ಬೆಳೆದುದೇ ಅದರಲ್ಲಿ ಹೆಚ್ಚು.

ಸಾಕಿದ್ದಾದರೂ ಅದು ನಿಜವಾದ ಮುತ್ತೇ. ಗಾಜಿನ ಮಣಿಗೆ ಬಣ್ಣ ಬಳಿದದ್ದು ಬೇರೆ. ಎರಡು ಮುತ್ತುಗಳನ್ನು ಒಂದಕ್ಕೊಂದು ಮೆಲ್ಲನೆ ಉಜ್ಜಿದರೆ ನಯವಾದ ಮರಳು ತಾಗಿದಂತೆ ತರಿಯಾಗಿ ತೋರಬೇಕು. ಜಾರಿಹೋದರೆ ಅನುಮಾನ ಪಡಿರಿ. ಆದರೆ ಸಹಜ ಮುತ್ತು ಯಾವುದು, ಸಾಕಿದ್ದು ಯಾವುದು ಎಂಬುದು ಈ ಪರೀಕ್ಷೆಯಿಂದ ತಿಳಿಯದು. ಅದಕ್ಕೆ ಎಕ್ಸ್‌-ರೇ ಪರೀಕ್ಷೆಯೇ ಆಗಬೇಕು.

ಬೇಕಾದ ಸಾಮಾನು ಸ್ವಲ್ಪವೇ: ಮುತ್ತು, ಸಪೂರವಾದ ಗಟ್ಟಿ ರೇಷ್ಮೆ ದಾರ, ಮಣಿ ಪೋಣಿಸುವ ತೆಳು ಸೂಜಿ, ಎರಡು ಭಾಗದ ಕೊಕ್ಕೆ, ಕತ್ತರಿ, ಒಂದು ತೊಟ್ಟು ಅಂಟು. 18 ಅಂಗುಲದ ಸರಕ್ಕೆ 2 ಮೀಟರ್ ದಾರ ತೆಗೆದುಕೊಳ್ಳಿರಿ. ರೇಷ್ಮೆ ಎಳೆದಷ್ಟೂ ಹಿಗ್ಗುವ ವಸ್ತು; ಆದ್ದರಿಂದ ಹಿಂದಿನ ರಾತ್ರಿಯೇ ಅದರ ತುದಿಗೆ ಸಣ್ಣ ಭಾರ ಕಟ್ಟಿ ತೂಗುಹಾಕಿರಿ. ಇಲ್ಲವಾದರೆ ತಿಂಗಳೊಳಗೆ ಸರ ಸಡಿಲವಾಗುತ್ತದೆ.

ಅಗಲ ತಟ್ಟೆಯಲ್ಲಿ ಟವೆಲು ಹಾಸಿ ಅದರ ಮೇಲೆ ಮುತ್ತುಗಳನ್ನು ಸಾಲಾಗಿ ಜೋಡಿಸಿರಿ. ಆಗ ಅವು ಉರುಳುವುದಿಲ್ಲ. ದೊಡ್ಡವು ನಡುವೆ, ಸಣ್ಣವು ಎರಡು ಕಡೆಗೆ. ತೂತು ಅಗಲವಾಗಿರುವ ಆರನ್ನು ಆರಿಸಿ, ಈ ತುದಿಗೆ ಮೂರು, ಆ ತುದಿಗೆ ಮೂರು ಇಡಿರಿ. ಅಲ್ಲಿ ಸೂಜಿ ಎರಡು ಸಲ ಹಾಯಬೇಕಾಗುತ್ತದೆ.

ದಾರವನ್ನು ಸೂಜಿಯಲ್ಲಿ ಹಾಯಿಸಿ, ಎರಡೆಳೆಯಾಗಿ ಮಡಿಸಿ ತುದಿಗೆ ಗಂಟು ಹಾಕಿರಿ. ಮೊದಲು ಮೂರು ಮುತ್ತು, ಆಮೇಲೆ ಕೊಕ್ಕೆಯ ಕಣ್ಣು ಪೋಣಿಸಿರಿ. ತುದಿಯಲ್ಲಿ ನಾಲ್ಕು ಅಂಗುಲ ದಾರ ಉಳಿಯಲಿ. ಈಗ ಸೂಜಿಯನ್ನು ತಿರುಗಿಸಿ, ಕೊಕ್ಕೆಯ ಪಕ್ಕದ ಮುತ್ತಿನೊಳಗೆ ಹಿಂದಕ್ಕೆ ಹಾಯಿಸಿ, ಉಳಿದ ದಾರಕ್ಕೆ ಸುತ್ತಿ ಗಂಟು ಬಿಗಿಯಿರಿ. ಮುಂದಿನ ಎರಡು ಮುತ್ತುಗಳಿಗೂ ಹೀಗೆಯೇ ಮಾಡಿ, ಮಿಕ್ಕ ತುದಿಯನ್ನು ಕತ್ತರಿಸಿರಿ.

ಅಲ್ಲಿಂದ ಮುಂದೆ ಒಂದು ಮುತ್ತು, ಒಂದು ಗಂಟು. ಈ ಗಂಟಿನಲ್ಲೇ ಕೆಲಸದ ಗುಟ್ಟಿದೆ. ಮುತ್ತನ್ನು ಪೋಣಿಸಿದ ಮೇಲೆ ದಾರದಲ್ಲಿ ಸಡಿಲವಾದ ಕುಣಿಕೆ ಮಾಡಿ ಸೂಜಿಯನ್ನು ಅದರೊಳಗೆ ತೂರಿಸಿರಿ, ಎಳೆದು ಬಿಗಿಯಬೇಡಿರಿ. ಕುಣಿಕೆಯೊಳಗೆ ಇನ್ನೊಂದು ಸೂಜಿಯನ್ನಿಟ್ಟು, ಅದರ ಮೊನೆಯನ್ನು ಮುತ್ತಿನ ತೂತಿನ ಬಾಯಿಗೆ ತಾಗಿಸಿ ಹಿಡಿಯಿರಿ. ದಾರವನ್ನು ನಿಧಾನವಾಗಿ ಎಳೆದಂತೆ ಗಂಟು ಆ ಸೂಜಿಯ ಮೇಲೆ ಜಾರಿ ಮುತ್ತಿಗೆ ಒತ್ತಿಕೊಳ್ಳುತ್ತದೆ. ಆಗ ಸೂಜಿಯನ್ನು ಹೊರತೆಗೆದು, ಎರಡೆಳೆಗಳನ್ನು ಎರಡು ಕಡೆಗೆ ಎಳೆದರೆ ಗಂಟು ಕುಳಿತಿತು. ಸೂಜಿಯ ಸಹಾಯವಿಲ್ಲದೆ ಹಾಕಿದ ಗಂಟು ಮುತ್ತಿನಿಂದ ದೂರ ನಿಂತು ಸರ ಜೋಲುತ್ತದೆ.

ಕೊನೆಯ ಮೂರು ಮುತ್ತುಗಳನ್ನು ಗಂಟಿಲ್ಲದೆ, ನಡುವೆ ಸ್ವಲ್ಪ ಸಂದು ಬಿಟ್ಟು ಪೋಣಿಸಿರಿ. ಕೊಕ್ಕೆಯ ಇನ್ನೊಂದು ಭಾಗಕ್ಕೆ ಹಾಯಿಸಿ, ಮೊದಲಿನಂತೆಯೇ ಹಿಂದಕ್ಕೆ ಬರುತ್ತ ಎರಡು ಸಂದುಗಳಲ್ಲಿ ಗಂಟು ಹಾಕಿರಿ. ಕಡೆಯ ಗಂಟಿಗೆ ಸೂಜಿಮೊನೆಯಷ್ಟು ಅಂಟು ತಾಗಿಸಿ, ದಾರವನ್ನು ಮುಂದಿನ ಮುತ್ತಿನೊಳಗೆ ಹಾಯಿಸಿ ಕತ್ತರಿಸಿದರೆ ಮುಗಿಯಿತು.

ಮೊದಲ ಸಲವೇ ಮುತ್ತಿಗೆ ಕೈ ಹಾಕಬೇಡಿರಿ. ಅಗ್ಗದ ಗಾಜಿನ ಮಣಿಗಳಲ್ಲಿ ಒಂದು ಸರ ಮಾಡಿ ಕೈ ಪಳಗಿಸಿಕೊಳ್ಳಿರಿ. ನನ್ನ ಮೊದಲ ಹತ್ತು ಗಂಟುಗಳಲ್ಲಿ ಆರನ್ನು ಬಿಚ್ಚಬೇಕಾಯಿತು. ಗಂಟು ಹಾಕುವುದರಿಂದ ಮತ್ತೊಂದು ಲಾಭವೂ ಉಂಟು: ಮುತ್ತುಗಳು ಒಂದಕ್ಕೊಂದು ಉಜ್ಜಿ ಸವೆಯುವುದಿಲ್ಲ.

ಮುತ್ತು ಕಲ್ಲಲ್ಲ. ಚಿಪ್ಪಿನ ಜೀವಿ ಪದರಪದರವಾಗಿ ಕಟ್ಟಿದ, ಸುಣ್ಣದಕಲ್ಲಿನ ಜಾತಿಗೆ ಸೇರಿದ ವಸ್ತು. ನಿಂಬೆ, ಹುಣಿಸೆ, ವಿನಿಗರ್ ತಾಗಿದರೆ ಕರಗುತ್ತದೆ. ಬೆವರು ಮತ್ತು ಅತ್ತರಿನಿಂದ ಮಂಕಾಗುತ್ತದೆ. ಅಲಂಕಾರವೆಲ್ಲ ಮುಗಿದ ಮೇಲೆ ಧರಿಸಿ, ಮನೆಗೆ ಬಂದೊಡನೆ ಮೊದಲು ತೆಗೆಯಿರಿ. ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ, ಆರಿದ ಬಳಿಕ ಬಟ್ಟೆಯ ಚೀಲದಲ್ಲಿಡಿರಿ. ನಿತ್ಯ ಧರಿಸುವ ಸರವನ್ನು ವರ್ಷಕ್ಕೊಮ್ಮೆ ಬಿಚ್ಚಿ ಹೊಸ ದಾರದಲ್ಲಿ ಪೋಣಿಸುವುದು ಒಳ್ಳೆಯದು.

ಇನ್ನು ನನ್ನ ಸರದ ಕಥೆ. ಕಳೆದುಹೋದ 7 ಮುತ್ತುಗಳಿಗೆ ಜೊತೆಯಾಗುವಂಥವು ಎಲ್ಲಿಯೂ ಸಿಗಲಿಲ್ಲ. ಇದ್ದ 65ನ್ನೇ ಪೋಣಿಸಿದೆ. ನಡುವೆ 64 ಗಂಟು ಬಿದ್ದವು. ನನ್ನವು 6 ಮಿಲಿಮೀಟರಿನ ಮುತ್ತು. ಹೋದ ಏಳರ ಉದ್ದ 42 ಮಿಲಿಮೀಟರ್. ಒಂದೊಂದು ಗಂಟೂ ಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ ಜಾಗ ಹಿಡಿದು, ಎಲ್ಲ ಸೇರಿ ಅಷ್ಟನ್ನೂ ತುಂಬಿಕೊಟ್ಟವು. ತಾಯಿಯವರು ಬಂದಾಗ ಸರವನ್ನು ಕೈಗಿತ್ತೆ. ಕೊರಳಿಗೆ ಹಿಡಿದು ನೋಡಿ, "ಅಳತೆ ಕಡಿಮೆಯಾಗಿಲ್ಲವಲ್ಲೇ!" ಎಂದರು.