ಕೌಬಾಯಿಯೂ ಬಫೆಲೊ ಬಿಲ್ಲನ ಪ್ರದರ್ಶನವೂ

ಓದಲೊಲ್ಲದ ಹುಡುಗನನ್ನು 'ದನ ಕಾಯಲು ಹೋಗು' ಎಂದು ಗದರಿಸುವ ವಾಡಿಕೆ ಕನ್ನಡದಲ್ಲುಂಟು. ಅಮೆರಿಕೆಯಲ್ಲಿ 'ಕೌಬಾಯ್' ಎಂಬ ಮಾತಿಗೂ ಮೊದಲು ಇದಕ್ಕಿಂತ ಹೆಚ್ಚಿನ ಗೌರವವಿರಲಿಲ್ಲ. 1881ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರನು ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಆ ಹೆಸರು ಅರಿಜೋನಾ ಪ್ರಾಂತದ ಶಸ್ತ್ರಧಾರಿ ಪುಂಡರಿಗೆ ಸಂದಿದೆ. 1887ರಲ್ಲಾದರೋ, ಅದೇ ಹೆಸರಿನವರು ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಎದುರು ಸವಾರಿಯ ಕೌಶಲವನ್ನು ಮೆರೆದರು. ಈ ಮಾರ್ಪಾಡಿನ ಬಹುಪಾಲು ಒಂದು ಸಂಚಾರಿ ಪ್ರದರ್ಶನಕ್ಕೆ ಸಲ್ಲತಕ್ಕದ್ದು.

ವಸ್ತುತಃ ಕೌಬಾಯಿ ಕೂಲಿಯಾಳು. ಅಂತರ್ಯುದ್ಧದ ತರುವಾಯ ಟೆಕ್ಸಸ್ಸಿನ ದನಗಳನ್ನು ಕ್ಯಾನ್ಸಸ್ಸಿನ ರೈಲುನಿಲ್ದಾಣಗಳವರೆಗೆ ತಿಂಗಳುಗಟ್ಟಲೆ ಅಟ್ಟಿಕೊಂಡು ಹೋಗುವುದು ಅವನ ಕೆಲಸ. ಕಸುಬು ಮೆಕ್ಸಿಕೋದ 'ವಾಕೆರೊ'ಗಳಿಂದ ಬಂದುದು. ಅವನ ಹಗ್ಗದ ಹೆಸರು 'ಲಾರಿಯಟ್' ಕೂಡ ಸ್ಪ್ಯಾನಿಷ್ ಮೂಲದ್ದು. ಮೆಕ್ಸಿಕನರೂ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪುಜನರೂ ಇವರಲ್ಲಿ ಅನೇಕರಿದ್ದರು. ಮುಳ್ಳುತಂತಿಯ ಬೇಲಿ, ರೈಲುದಾರಿಗಳ ವಿಸ್ತಾರ, 1886–87ರ ಘೋರ ಚಳಿಗಾಲ ಇವುಗಳಿಂದ ಆ ಬಾಳುವೆ ಸುಮಾರು ಇಪ್ಪತ್ತು ವರ್ಷಗಳಲ್ಲೇ ಕೊನೆಗಂಡಿತು.

'ಬಫೆಲೊ ಬಿಲ್' ಎಂದು ಹೆಸರಾದ ವಿಲಿಯಂ ಕೋಡಿ (1846–1917) ಸೈನ್ಯಕ್ಕೆ ದಾರಿ ತೋರುವ ಕೆಲಸದಲ್ಲಿದ್ದು, 1872ರಲ್ಲಿ ಷಿಕಾಗೊದ ರಂಗಮಂಚವನ್ನೇರಿದವನು. ಅವನ 'ವೈಲ್ಡ್ ವೆಸ್ಟ್' 1883ರಲ್ಲಿ ಒಮಾಹಾ ನಗರದಲ್ಲಿ ಮೊದಲಾಯಿತು. ಅದನ್ನು 'ಷೋ' ಎನ್ನಲು ಅವನು ಒಪ್ಪುತ್ತಿರಲಿಲ್ಲ. ತಾನು ತೋರಿಸುವುದು ಆಟವಲ್ಲ, ಚರಿತ್ರೆ ಎಂಬುದು ಅವನ ವಾದ. ಪ್ರೇಕ್ಷಕರು ಅದನ್ನು ನಂಬಿದುದರಲ್ಲಿ ಆಶ್ಚರ್ಯವಿಲ್ಲ. ಸವಾರರು ನಿಜವಾದ ಕೌಬಾಯಿಗಳು. ಡೆಡ್‌ವುಡ್ಡಿನ ಅಂಚೆಗಾಡಿ ನಿಜವಾದ ಗಾಡಿ. 1876ರ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಕಸ್ಟರನ ಪಡೆಯನ್ನು ಅಳಿಸಿದ ಲಕೋಟಾ ಜನರ ಮುಖಂಡ ಸಿಟಿಂಗ್ ಬುಲ್ಲನೇ 1885ರಲ್ಲಿ ತಂಡದೊಡನೆ ಸಂಚರಿಸಿದನು.

ಮನುಷ್ಯರು ನಿಜ; ಅವರಿಂದ ಆಡಿಸಿದ ಕಥೆ ಬೇರೆ. ದನ ಅಟ್ಟುವುದು ನೋಡುವವರಿಗೆ ಬೇಸರದ ವಿಷಯ. ಆದುದರಿಂದ ವಲಸೆಗಾರನ ಗುಡಿಸಲಿನ ಮೇಲೆ ಇಂಡಿಯನರು ಏರಿಬರುವುದೂ ಕಡೆಯ ಗಳಿಗೆಯಲ್ಲಿ ಕೋಡಿಯೂ ಕೌಬಾಯಿಗಳೂ ಧಾವಿಸಿ ಕಾಪಾಡುವುದೂ ಬಹುಕಾಲ ಪ್ರದರ್ಶನದ ಮುಕ್ತಾಯವಾಗಿತ್ತು. ಇಂಡಿಯನರೊಡನೆ ಕಾದಿದುದು ಮುಖ್ಯವಾಗಿ ಸರಕಾರದ ಸೈನ್ಯ. ಆ ಕೀರ್ತಿ ಇಲ್ಲಿ ದನಗಾಹಿಗೆ ಒದಗಿತು. ನೆಲ ಕಳೆದುಕೊಂಡವರು ದಾಳಿಕೋರರಾಗಿ ಕಾಣಿಸಿಕೊಂಡರು, ಮತ್ತು ಆ ವೇಷ ಹಾಕಿದವರೂ ಅವರೇ. ಹಾಗೆಂದು ಅವರು ಬರಿಯ ಮೋಸಹೋದವರೆನ್ನಲಾಗದು: ಸಂಬಳ ದೊರೆಯುತ್ತಿತ್ತು, ಮೀಸಲು ಪ್ರದೇಶಗಳಲ್ಲಿ ಅಧಿಕಾರಿಗಳು ಅಡಗಿಸುತ್ತಿದ್ದ ಕುಣಿತಗಳನ್ನು ಇಲ್ಲಿ ಬಹಿರಂಗವಾಗಿ ಕುಣಿಯಬಹುದಾಗಿತ್ತು.

ಟೆಕ್ಸಸ್ಸಿನ ಬಕ್ ಟೇಲರನನ್ನು ಕೋಡಿಯ ತಂಡವು 'ಕೌಬಾಯಿಗಳ ರಾಜ'ನೆಂದು ಸಾರಿತು. 1887ರಲ್ಲಿ ಪ್ರೆಂಟಿಸ್ ಇಂಗ್ರಹಾಮನು ಇವನನ್ನೇ ನಾಯಕನನ್ನಾಗಿಸಿ ಅಗ್ಗದ ಕಾದಂಬರಿಯೊಂದನ್ನು ಬರೆದನು. ಕೌಬಾಯಿ ಕಥಾನಾಯಕನಾದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ಬಳಿಕ ಒಕ್ಲಹೋಮಾದ ಮಿಲ್ಲರ್ ಸೋದರರ '101 ರಾಂಚ್' ತಂಡದಿಂದ ಟಾಮ್ ಮಿಕ್ಸ್ ಚಲನಚಿತ್ರಕ್ಕೆ ಹೋಗಿ ಜಗತ್ಪ್ರಸಿದ್ಧನಾದನು. ಅದೇ ತಂಡದ ಬಿಲ್ ಪಿಕೆಟ್, ಓಡುವ ಕುದುರೆಯಿಂದ ಹಾರಿ ಹೋರಿಯನ್ನು ಕೊಂಬು ಹಿಡಿದು ಕೆಡಹುವ ವಿದ್ಯೆಗೆ ಹೆಸರಾದವನು. ಅವನು ಕಪ್ಪುಜನರವನು. ಅಂಥವರಿಗೆ ಪ್ರವೇಶವಿಲ್ಲದ ಕಣಗಳಲ್ಲಿ ಅವನನ್ನು ಇಂಡಿಯನನೆಂದೋ ಮೆಕ್ಸಿಕನನೆಂದೋ ಹೇಳಿ ಇಳಿಸಬೇಕಾಗುತ್ತಿತ್ತು. 1932ರಲ್ಲಿ ತೀರಿಕೊಂಡ ಅವನ ಹೆಸರು ರಾಷ್ಟ್ರೀಯ ರೋಡಿಯೋ ಗೌರವಪಟ್ಟಿಗೆ ಸೇರಿದುದು ಸುಮಾರು ನಲವತ್ತು ವರ್ಷಗಳ ಮೇಲೆ.