ಮನೆಮಾತು ಮತ್ತು ಶಾಲೆಯ ಮಾತು

ಯಾವ ಮಗುವೂ ಶಾಲೆಗೆ ಬರಿಗೈಯಲ್ಲಿ ಬರುವುದಿಲ್ಲ. ತನ್ನ ಮನೆಯ ಮಾತನ್ನು ಜೊತೆಯಲ್ಲಿ ತರುತ್ತದೆ. ಆ ಮಾತಿಗೆ ತರಗತಿಯಲ್ಲಿ ಯಾವ ಸ್ಥಾನವಿದೆ ಎಂಬುದನ್ನು ನಾವು ಯೋಚಿಸುವುದು ಅಪರೂಪ.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಕಾಡುಗೋಡಿಯನ್ನು ನೋಡಿ. ವೈಟ್‌ಫೀಲ್ಡ್ ರೈಲು ನಿಲ್ದಾಣವಿರುವುದು ಇಲ್ಲಿಯೇ. 2023ರಲ್ಲಿ ಮೆಟ್ರೊ ರೈಲೂ ಇಲ್ಲಿಗೆ ಬಂದಿತು. ಆಂಧ್ರ, ತಮಿಳುನಾಡುಗಳ ಗಡಿ ಬಹು ದೂರವಿಲ್ಲವಾದುದರಿಂದ ತೆಲುಗು, ತಮಿಳು, ಉರ್ದುಗಳು ಈ ಸೀಮೆಗೆ ಹೊಸವಲ್ಲ. ಕಾರ್ಖಾನೆಗಳೂ ತಂತ್ರಾಂಶ ಕಚೇರಿಗಳೂ ತಲೆಯೆತ್ತಿದ ಮೇಲೆ ಬಿಹಾರ, ಒಡಿಶಾ, ಬಂಗಾಳಗಳಿಂದಲೂ ನಮ್ಮ ಕಲಬುರಗಿ, ರಾಯಚೂರುಗಳಿಂದಲೂ ಜನರು ದುಡಿಮೆಯನ್ನರಸಿ ಬಂದರು. ಇಂತಹ ಕಡೆ ಒಂದೇ ತರಗತಿಯಲ್ಲಿ ಐದಾರು ಮನೆಮಾತುಗಳ ಮಕ್ಕಳು ಕೂಡಿ ಕುಳಿತಿರುವುದುಂಟು.

ಹೊಸದಾಗಿ ಬಂದ ಮಗು ಕೆಲವು ತಿಂಗಳು ಮೌನವಾಗಿರಬಹುದು. ಅದು ಮಂದಬುದ್ಧಿಯ ಗುರುತಲ್ಲ. ಕಿವಿ ಕಲಿಯುತ್ತಿದೆ, ನಾಲಗೆ ಇನ್ನೂ ತೊಡಗಿಲ್ಲ, ಅಷ್ಟೆ. ಈ ಮೌನವನ್ನು ದಡ್ಡತನವೆಂದು ಬಗೆದರೆ ಮಗು ಹಿಂದಿನ ಸಾಲಿಗೆ ಸರಿಯುತ್ತದೆ. ಕೊನೆಗೆ ಶಾಲೆಯನ್ನೇ ಬಿಟ್ಟುಬಿಡಲೂಬಹುದು.

ತಪ್ಪುಗಳಿಗೂ ಕಾರಣವುಂಟು. ಬಂಗಾಳಿ ಮನೆಯ ಹುಡುಗನೊಬ್ಬನು ‘ಅಕ್ಕ ಬಂದನು’ ಎಂದರೆ ತರಗತಿಯು ನಗುತ್ತದೆ. ಆದರೆ ಬಂಗಾಳಿಯಲ್ಲಿ ‘ಅವನು’, ‘ಅವಳು’ ಎಂಬ ಭೇದವಿಲ್ಲ; ಕ್ರಿಯಾಪದಕ್ಕೂ ಲಿಂಗವಿಲ್ಲ. ಆ ಹುಡುಗನು ತನ್ನ ಭಾಷೆಯ ನಿಯಮವನ್ನೇ ಪಾಲಿಸುತ್ತಿದ್ದಾನೆ. ಅದನ್ನು ತಿಳಿದ ಗುರುಗಳು ಗದರಿಸದೆ ತಿದ್ದಬಲ್ಲರು.

ಹಲವು ಭಾಷೆಗಳಿಂದ ಪಾಠಕ್ಕೆ ಲಾಭವೂ ಇದೆ. ವಿಜ್ಞಾನದ ‘ಬಾಷ್ಪವಿಸರ್ಜನೆ’ ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ ‘ಆವಿ’ ತಮಿಳಿನಲ್ಲಿಯೂ ‘ಆವಿ’ಯೇ, ತೆಲುಗಿನಲ್ಲಿ ‘ಆವಿರಿ’. ಬಂಗಾಳಿಯಲ್ಲಿ ಅದು ‘ಬಾಷ್ಪ’, ಹಿಂದಿಯಲ್ಲಿ ‘ಭಾಪ್’. ಕನ್ನಡದ ಮಗುವಿಗೆ ಕಠಿಣವೆನಿಸುವ ಪದದ ಮೊದಲರ್ಧವು ಬಂಗಾಳಿ ಮಗುವಿಗೆ ಮನೆಯ ಮಾತು! ಗುರುಗಳು ಒಂದು ನಿಮಿಷ ಕೇಳಿದರೆ, ಸುಮ್ಮನಿದ್ದವನೇ ಅಂದು ಅರ್ಥವನ್ನು ಹೇಳಿಕೊಡುವವನಾಗುತ್ತಾನೆ. ಅಂತೆಯೇ ಮೊದಲು ತಮಗೆ ಬರುವ ಮಾತಿನಲ್ಲಿ ಚರ್ಚಿಸಿ, ಬಳಿಕ ಕನ್ನಡದಲ್ಲಿ ಹೇಳಲು ಬಿಟ್ಟರೆ ಮಕ್ಕಳ ಅಂಜಿಕೆ ಕಳೆಯುತ್ತದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ಆರು ಭಾಷೆಗಳ ಒಂದು ತರಗತಿಗೆ ಆರು ಶಾಲೆಗಳನ್ನು ಕಟ್ಟಲಾಗದು. ಅಲ್ಲಿ ಎಲ್ಲರನ್ನೂ ಕೂಡಿಸುವ ಮಾತು ಕನ್ನಡವೇ. ಸಂತೆ, ಬಸ್ಸು, ಆಸ್ಪತ್ರೆ, ಕಚೇರಿಗಳ ಬಾಗಿಲನ್ನು ಈ ನೆಲದಲ್ಲಿ ತೆರೆಯುವುದೂ ಅದೇ. ಅದನ್ನು ಕಲಿಸಲೇಬೇಕು, ಕಲಿಸಲು ಮನೆಮಾತನ್ನು ಮರೆಸಬೇಕಾಗಿಲ್ಲ.

ಇದಕ್ಕೆ ನಮ್ಮ ಸಾಹಿತ್ಯವೇ ಸಾಕ್ಷಿ. ಕಾಡುಗೋಡಿಗೆ ಸಮೀಪದ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ದೇವನಹಳ್ಳಿಯ ನಿಸಾರ್ ಅಹಮದರದು ಉರ್ದು. ಬೇಂದ್ರೆಯವರು 1973ರಲ್ಲಿಯೂ ಮಾಸ್ತಿಯವರು 1983ರಲ್ಲಿಯೂ ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿಯನ್ನು ತಂದರು.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದಲ್ಲಿ ಕುಳಿತವನ ಕನ್ನಡವು ತೊದಲಿದಾಗ ನಗುವುದು ಸುಲಭ. ಕಲಬುರಗಿಯ ಕನ್ನಡಕ್ಕೂ ಬೆಂಗಳೂರಿನಲ್ಲಿ ನಗುವವರಿದ್ದಾರೆ. ನಕ್ಕರೆ ಅವನು ಮರುದಿನ ಬಾಯಿ ತೆರೆಯಲಾರನು; ಒಂದು ಪದವನ್ನು ಹೇಳಿಕೊಟ್ಟು, ಅವನಿಂದ ಒಂದು ಪದವನ್ನು ಕೇಳಿ ಕಲಿತರೆ ಇಬ್ಬರ ಭಂಡಾರವೂ ಬೆಳೆಯುತ್ತದೆ.